ಗ್ವಾದಲಿಯೊಳಗಿನ ಕೂಸು

ಸಂಶಿಯಲ್ಲಿದ್ದ ನಮ್ಮ ಮನೆಯ ಪಡಸಾಲೆ ವಾರದ ಆರು ದಿನ ಪಡಸಾಲೆಯಾಗಿರುತ್ತಿತ್ತು, ರವಿವಾರ ಬೆಳಿಗ್ಗೆ ದೇವಾಲಯವಾಗುತ್ತಿತ್ತು. ಶನಿವಾರ ಸಂಜೆಯೇ ಅವ್ವ ನೆಲ ಸಾರಿಸಿ ಇಡುತ್ತಿದ್ದಳು. ಮರುದಿನ ಎದ್ದ ಕೂಡಲೇ ಜೋಳದ ಚೀಲಗಳನ್ನು ನಡುಮನೆಗೆ ಎಳೆದು, ಅಪ್ಪನ ತಾಯಿ ಆಯಿ ಮಲಗುತ್ತಿದ್ದ ಹೊರಸನ್ನು ಅಂಗಳದ ಗೋಡೆಗೆ ಆನಿಸಿ ನಿಲ್ಲಿಸಿ, ಜಮಖಾನೆ ಹಾಸಿ, ಮುಂದೆ ಅಪ್ಪನ ಹಾರ್ಮೋನಿಯಂ ಪೇಟಿ ಇಟ್ಟರೆ ದೇವಾಲಯ ತಯಾರು. ಊರಲ್ಲಿ ನಮ್ಮ ಕ್ರೈಸ್ತ ಸಭೆಯವರದು ಏಳೇ ಮನೆ. ಏಳೂ ಮನೆಯವರು ಬಂದರೆ ಒಳಗೆ ಕಾಲಿಡಲು ಜಾಗವಿರುತ್ತಿರಲಿಲ್ಲ. ತಡವಾಗಿ ಬಂದವರು ಬಾಗಿಲ ಹೊರಗೆ, ನಮ್ಮ ಒಂದೇ ಒಂದು ಆಕಳ ಪಕ್ಕ ಕೂರಬೇಕಾಗುತ್ತಿತ್ತು. ಅಪ್ಪ ವಾರವೆಲ್ಲ ಕನ್ನಡ ಶಾಲೆಯ ಮಾಸ್ತರ, ರವಿವಾರ ಸಭೆಯ ಉಪದೇಶಿ. ಎರಡಕ್ಕೂ ಒಂದೇ ದನಿ ಬಳಸುತ್ತಿದ್ದ. ಪ್ರಸಂಗದ ನಡುವೆ ಯಾರಾದರೂ ತೂಕಡಿಸಿದರೆ, ಮಗ್ಗಿ ಕೇಳುವವನ ಹಾಗೆ ಅವರ ಹೆಸರು ಹಿಡಿದು ನಿಲ್ಲಿಸಿ ಹಿಂದಿನ ಮಾತೇನೆಂದು ಕೇಳಿಬಿಡುತ್ತಿದ್ದ. ಹಾಗಾಗಿ ನಮ್ಮ ಸಭೆಯಲ್ಲಿ ಭಕ್ತಿ ಎಷ್ಟಿತ್ತೋ ಗೊತ್ತಿಲ್ಲ, ಎಚ್ಚರ ಮಾತ್ರ ಭರಪೂರ ಇತ್ತು.

ಆ ಪಡಸಾಲೆಯ ಗೋಡೆಗಳ ಮೇಲೆ ಸುಣ್ಣ ಬಿಟ್ಟರೆ ಬೇರೇನೂ ಇರಲಿಲ್ಲ. ಸಭೆಯ ಉಳಿದ ಮನೆಗಳಲ್ಲಿ ಕುರಿಮರಿ ಹೊತ್ತ ಯೇಸುವಿನ ಚಿತ್ರ ತೂಗುತ್ತಿತ್ತು. ಅಪ್ಪನಿಗೆ ಅದು ಸರಿಬರುತ್ತಿರಲಿಲ್ಲ. ಚಿತ್ರವಿರುವ ಕ್ಯಾಲೆಂಡರ್ ಯಾರಾದರೂ ಕೊಟ್ಟರೆ ಅಂಕಿಗಳ ಭಾಗವನ್ನಷ್ಟೇ ಕತ್ತರಿಸಿ ಮೊಳೆಗೆ ಹಾಕುತ್ತಿದ್ದ. ಕಾಗದ ಹಾಳು ಮಾಡಬಾರದಲ್ಲ, ಚಿತ್ರದ ಭಾಗ ನನ್ನ ಪುಸ್ತಕಗಳಿಗೆ ಹೊದಿಕೆಯಾಗುತ್ತಿತ್ತು, ಅದೂ ಚಿತ್ರ ಒಳಮುಖವಾಗಿ. ಹೀಗಾಗಿ ನನ್ನ ಗಣಿತದ ಪುಸ್ತಕದ ಹೊಟ್ಟೆಯಲ್ಲಿ ಮೂರು ಕುರಿಮರಿ ಇದ್ದವು. ಭಾಗಾಕಾರ ಬರದೇ ಹೋದಾಗ ಹೊದಿಕೆ ಸಡಿಲಿಸಿ ಅವನ್ನು ನೋಡುತ್ತಿದ್ದೆ. ಅವುಗಳ ಕಾಲು ತೀರಾ ಗಿಡ್ಡವಾಗಿದ್ದವು. ನಾನಾದರೆ ಇನ್ನೂ ಚೆನ್ನಾಗಿ ತೆಗೆಯುತ್ತಿದ್ದೆ ಅನ್ನಿಸುತ್ತಿತ್ತು. ಮನೆಯ ಮುಂದೆ ರಂಗೋಲಿಯೂ ಇಲ್ಲ. ಅವ್ವ ಬೆಳಿಗ್ಗೆ ಕಸ ಹೊಡೆದು, ನೀರು ಚಿಮುಕಿಸಿ, ಆಮೇಲೆ ಒಂದು ಗಳಿಗೆ ಸುಮ್ಮನೆ ನಿಂತು ಒಳಗೆ ಬರುತ್ತಿದ್ದಳು. ಯಾಕೆ ನಿಲ್ಲುತ್ತಿದ್ದಳೆಂದು ಆಗ ನನಗೆ ಹೊಳೆದಿರಲಿಲ್ಲ.

ಇದಕ್ಕೆಲ್ಲ ಕಾರಣ ನನ್ನ ಅಜ್ಜ, ಅಂದರೆ ಅಪ್ಪನ ಅಪ್ಪ. ಅಜ್ಜ ಹುಟ್ಟಿದ್ದು ಚಿತ್ರಗಾರರ ಮನೆಯಲ್ಲಿ. ಮಣ್ಣಿನ ದೇವರನ್ನು ಮಾಡಿ, ಬಣ್ಣ ಹಚ್ಚಿ, ಕೊನೆಗೆ ಕಣ್ಣು ತಿದ್ದುವುದು ಅವನ ಕಸುಬು. ಕ್ರಿಸ್ತನನ್ನು ನಂಬಿ ದೀಕ್ಷಾಸ್ನಾನ ತೆಗೆದುಕೊಂಡ ದಿನ ತನ್ನ ಕುಂಚಗಳನ್ನೆಲ್ಲ ಅರಿವೆಯಲ್ಲಿ ಸುತ್ತಿ ಬಾವಿಗೆ ಹಾಕಿ ಬಂದನಂತೆ. ನಮ್ಮ ಮನೆತನಕ್ಕೆ ಹೊಲವಿಲ್ಲ, ಗದ್ದುಗೆಯಿಲ್ಲ. ಹೇಳಿಕೊಳ್ಳಲು ಇದ್ದದ್ದು ಆ ಬಾವಿಯ ಕಥೆಯೊಂದೇ. ಅಪ್ಪ ಅದನ್ನು ವರ್ಷಕ್ಕೊಮ್ಮೆಯಾದರೂ ಸಭೆಯಲ್ಲಿ ಹೇಳುತ್ತಿದ್ದ. ಅಪ್ಪನಿಗೆ ಗೋಡೆ ಬೋಳಾಗಿರುವುದೆಂದರೆ ಅಜ್ಜನ ಮಾತು ಉಳಿಸಿದ ಹಾಗೆ. ಆದರೆ ಅದೇ ಅಪ್ಪ ಪದ ಕಟ್ಟುತ್ತಿದ್ದ ನೋಡಿ, ಅಲ್ಲಿ ಯಾವ ಕಟ್ಟುಪಾಡೂ ಇರಲಿಲ್ಲ. ಕ್ರಿಸ್ಮಸ್ಸಿಗೊಂದು, ಸುಗ್ಗಿಗೊಂದು, ಯಾರದಾದರೂ ಮದುವೆಗೊಂದು ಹೊಸ ಹಾಡು ಆಗಲೇಬೇಕು. ಪಾಟಿ ತೊಡೆಯ ಮೇಲಿಟ್ಟುಕೊಂಡು ಊರ ಭಜನಿಯ ಧಾಟಿಯಲ್ಲಿ ಗುನುಗುತ್ತ, ಒಂದು ಅಕ್ಷರ ಬರೆದು ಎರಡು ಅಳಿಸುತ್ತ ಕೂತರೆ ಲೋಕದ ಖಬರು ಇರುತ್ತಿರಲಿಲ್ಲ. ಒಳಗಿನಿಂದ ಅವ್ವ ಕೂಗುತ್ತಿದ್ದಳು.

"ರೊಟ್ಟಿ ಆರಿ ಹಪ್ಪಳ ಆಗಾಕತ್ತಾವು. ದೇವರೇನು ಎಲ್ಲೂ ಓಡಿ ಹೋಗೂದಿಲ್ಲ, ಮದಲ ಉಣ್ಣಾಕ ಏಳ್ರಿ."

"ಒಂದ ಸಾಲು ತಡಿಯ. ಕೈಗೆ ಸಿಗಾಕ ಹತ್ತೇತಿ."

ಕೈಗೆ ಸಿಗುವುದು ಅಂದರೇನೆಂದು ನನಗೆ ಚೆನ್ನಾಗಿ ಗೊತ್ತಿತ್ತು. ನನ್ನ ಬೆರಳುಗಳಿಗೂ ಆ ರೋಗವಿತ್ತು. ಸೀಮೆಸುಣ್ಣ ಸಿಕ್ಕರೆ ಕೆತ್ತುತ್ತಿದ್ದೆ, ಸೋಪು ಸಿಕ್ಕರೆ ಉಗುರಿನಿಂದ ಗೀರುತ್ತಿದ್ದೆ. ಎಲ್ಲಕ್ಕಿಂತ ಎರಿಮಣ್ಣೆಂದರೆ ಪ್ರಾಣ. ನಮ್ಮ ಕಡೆಯ ಕರಿಮಣ್ಣನ್ನು ಹದವಾಗಿ ನಾದಿದರೆ ಅದು ನಾವು ಹೇಳಿದ ಮಾತು ಕೇಳುತ್ತದೆ. ಶಾಲೆಯಿಂದ ಬರುವ ದಾರಿಯಲ್ಲಿ ಹೊಲದ ಬದುವಿನ ಮೇಲೆ ಕೂತು ಏನೇನೋ ಮಾಡಿ, ಮನೆ ಹತ್ತಿರ ಬರುವಾಗ ಮುದ್ದೆಮಾಡಿ ಎಸೆದು, ಕೈ ತೊಳೆದುಕೊಂಡು ಬರುತ್ತಿದ್ದೆ. ಉಗುರು ಸಂದಿಯ ಕಪ್ಪು ಮಾತ್ರ ಹೋಗುತ್ತಿರಲಿಲ್ಲ. ಅಪ್ಪ ಅದನ್ನು ನೋಡಿಯೂ ನೋಡದವನಂತೆ ಇದ್ದನೇನೋ, ಈಗ ಹಾಗನ್ನಿಸುತ್ತದೆ.

ನಾನು ನಾಲ್ಕನೇ ಇಯತ್ತೆಯಲ್ಲಿದ್ದ ವರ್ಷ, ಮಣ್ಣೆತ್ತಿನ ಅಮಾವಾಸ್ಯೆಯ ದಿನ ಬಾಜು ಮನೆಯ ನೀಲವ್ವ ಕಾಕು ಬೇಲಿಯಾಚೆಯಿಂದ ಕರೆದಳು. ಕಾಕುವಿನದು ಒಕ್ಕಲುತನದ ಮನೆ, ಹಣೆಯ ತುಂಬ ವಿಭೂತಿ, ಬಾಯಿ ತುಂಬ ಮಾತು. ಆ ಅಮಾವಾಸ್ಯೆಗೆ ಮಣ್ಣಿನ ಜೋಡೆತ್ತು ಮಾಡಿ, ಅವುಗಳ ಮುಂದೆ ಮೇವು ಹಾಕುವ ಮಣ್ಣಿನ ಗ್ವಾದಲಿಯನ್ನೂ ಮಾಡಿಟ್ಟು ಪೂಜಿಸುವುದು ನಮ್ಮ ಸೀಮೆಯ ಒಕ್ಕಲಿಗರ ರೂಢಿ. ಪ್ರತಿ ವರ್ಷ ಕಾಕು ತಾನೇ ಮಾಡುತ್ತಿದ್ದಳು. ಆ ಸಲ ಅವಳ ಹೆಬ್ಬೆರಳಿಗೆ ಉಗುರುಸುತ್ತಾಗಿ ಅರಿವೆ ಕಟ್ಟಿಕೊಂಡಿದ್ದಳು.

"ಕರುಣಿ, ಬಾರಬೇ ಇಲ್ಲಿ. ನನ್ನ ಹೆಬ್ಬಟ್ಟಿಗೆ ಮಣ್ಣ ಹತ್ತಿದ್ರ ಜೀವ ಹೋಕ್ಕೈತಿ. ಎರಡ ಎತ್ತ ಮಾಡಿಕೊಡು, ಕಡಬು ಕೊಡ್ತೀನಿ."

ಕಡಬು ಕೊಡದಿದ್ದರೂ ಹೋಗುತ್ತಿದ್ದೆ. ಒಂದು ಬುಟ್ಟಿ ಹದವಾದ ಮಣ್ಣು ಕಣ್ಣೆದುರಿಗಿತ್ತು, ಕದ್ದು ಮಾಡುವ ಅವಸರವಿಲ್ಲ, ಮುದ್ದೆಮಾಡಿ ಎಸೆಯುವ ಹೆದರಿಕೆಯಿಲ್ಲ. ಎತ್ತುಗಳ ಹೆಗಲ ಮೇಲೆ ಇಣಿ ತಿದ್ದಿದೆ, ಕೊಂಬು ಎಬ್ಬಿಸಿದೆ, ಕಣ್ಣಿಗೆ ಗುಲಗಂಜಿ ಒತ್ತಿದೆ. ಗ್ವಾದಲಿ ಮಾಡಿ ಎದುರಿಗಿಟ್ಟಾಗ ಏನೋ ಕಡಿಮೆಯಾಗಿದೆ ಅನ್ನಿಸಿತು. ಗ್ವಾದಲಿ ಖಾಲಿಯಿತ್ತು. ನನಗೆ ನೆನಪಿರುವಾಗಿನಿಂದ ಪ್ರತಿ ಕ್ರಿಸ್ಮಸ್ಸಿಗೆ ಕೇಳಿದ ಪಾಠದಲ್ಲಿ ಗ್ವಾದಲಿಯೆಂದರೆ ಅದರಲ್ಲೊಂದು ಕೂಸು ಇರಲೇಬೇಕು. ಉಳಿದ ಮಣ್ಣಿನಿಂದ ಹೆಬ್ಬೆರಳುದ್ದದ ಕೂಸು ಮಾಡಿ, ಅರಿವೆ ಸುತ್ತಿದ ಹಾಗೆ ಉಗುರಿನಿಂದ ಗೆರೆ ಎಳೆದು, ಮೆಲ್ಲಗೆ ಒಳಗೆ ಮಲಗಿಸಿದೆ. ಯಾರೂ ಹೇಳಿರಲಿಲ್ಲ, ನಾನೂ ಬಹಳ ವಿಚಾರ ಮಾಡಿರಲಿಲ್ಲ. ಮಲಗಿಸಿದ ಮೇಲೆ ಮನಸ್ಸು ತುಂಬಿತು. ಎರಡು ಕಡಬು ತಿಂದು ಮನೆಗೆ ಬಂದೆ.

ಅಂದು ಸಂಜೆ ನಮ್ಮ ಮನೆಯಲ್ಲಿ ವಾರದ ಪ್ರಾರ್ಥನೆ. ಏಳು ಮನೆಯವರೂ ಕೂತಿದ್ದರು. ಅಪ್ಪ ಪೇಟಿಯ ಮೇಲೆ ಕೈಯಿಡುವ ಹೊತ್ತಿಗೆ ಸರಿಯಾಗಿ ನೀಲವ್ವ ಕಾಕು ಸೆರಗು ಹೊದ್ದುಕೊಂಡು, ಹಿತ್ತಾಳೆಯ ತಾಟು ಹಿಡಿದು ಬಾಗಿಲಲ್ಲಿ ನಿಂತಳು. ತಾಟಿನಲ್ಲಿ ಒಂದು ಕಡೆ ಕಡಬು, ಇನ್ನೊಂದು ಕಡೆ ನನ್ನ ಕೂಸು. ಕೂಸಿನ ಹಣೆಗೆ ಅಡ್ಡಡ್ಡ ಅರಿಶಿಣ.

"ಮಾಸ್ತರ್ರ, ಒಂದ ಮಾತು ಹೇಳಿ ಹೋಗ್ತೀನ್ರಿ. ನಿಮ್ಮ ಕರುಣಿ ಎತ್ತ ಅಗದಿ ಚಲೋ ಮಾಡ್ಯಾಳ. ಗ್ವಾದಲ್ಯಾಗ ನಿಮ್ಮ ದೇವರನ್ನೂ ಇಟ್ಟಾಳ. ನಾವೇನು ಭೇದ ಮಾಡಿಲ್ರಿ. ಎತ್ತಿಗೆ ಹಚ್ಚಿದ ಅರಿಶಿಣ ಇದಕ್ಕೂ ಹಚ್ಚೇವಿ, ಎತ್ತಿಗೆ ತೋರಿಸಿದ ಎಡಿ ಇದಕ್ಕೂ ತೋರಿಸೇವಿ. ಎತ್ತನ್ನ ನಾಳೆ ಹಳ್ಳಕ್ಕ ಬಿಡತೇವ್ರಿ. ಕೂಸನ್ನ ನೀರಿಗೆ ಬಿಡಾಕ ಮನಸ್ಸ ಆಗಲಿಲ್ಲ. ತಗೋರಿ."

ಅಪ್ಪನ ಮುಖ ಮೊದಲು ಕೆಂಪಾಗಿ ಆಮೇಲೆ ಬಿಳುಪಾಯಿತು. ಆದರೆ ಮನೆಗೆ ಬಂದವರ ಮನಸ್ಸು ನೋಯಿಸುವವನಲ್ಲ ಅವನು.

"ಚಲೋ ಆತ್ರಿ ನೀಲವ್ವಾರ. ಕೂಡ್ರಿ, ಪ್ರಾರ್ಥನಿ ಮುಗಿಸಿಕೊಂಡು ಹೋಗೀರಂತ."

ಕಾಕು ಖುಷಿಯಿಂದ ಕೂತೇಬಿಟ್ಟಳು. ತಾಟು ಇಡಲು ಬೇರೆ ಜಾಗ ಕಾಣದೆ ಪೇಟಿಯ ಮೇಲೆಯೇ ಇಟ್ಟಳು. ಎಲ್ಲರೂ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡುವಾಗ ನಾನು ಕಣ್ಣು ತೆರೆದಿದ್ದೆ. ಅಪ್ಪನೂ ಒಂದು ಕಣ್ಣು ತೆರೆದು ಕೂಸನ್ನೇ ನೋಡುತ್ತಿದ್ದ. ನಮ್ಮಿಬ್ಬರ ಕಣ್ಣೂ ಕೂಡಿದವು. ನಾನು ಗಬಕ್ಕನೆ ಮುಚ್ಚಿಕೊಂಡೆ. ಎಲ್ಲರೂ ಹೋದ ಮೇಲೆ ಅವನು ನನ್ನನ್ನು ಎದುರಿಗೆ ಕೂರಿಸಿಕೊಂಡ.

"ಇದನ್ನ ಯಾರು ಮಾಡಂದ್ರು?"

"ಯಾರೂ ಅನ್ನಲಿಲ್ಲಪಾ. ಗ್ವಾದಲಿ ಖಾಲಿ ಇತ್ತು."

"ಖಾಲಿ ಇದ್ರ?"

"ನಮ್ಮ ಪಾಠದಾಗ ಖಾಲಿ ಇರೂದಿಲ್ಲಲ್ಲ."

ಅಪ್ಪ ತಾಟನ್ನು ಪಕ್ಕಕ್ಕೆ ಸರಿಸಿದ. ಆಮೇಲೆ ದನಿ ಏರಿಸದೆ ಹೇಳಿದ.

"ನಿಮ್ಮಜ್ಜ ಬಾವ್ಯಾಗ ಹಾಕಿ ಬಂದದ್ದನ್ನ ನೀ ಮ್ಯಾಲೆ ತರಬ್ಯಾಡವಾ. ಇನ್ನ ಮಣ್ಣ ಮುಟ್ಟಬ್ಯಾಡ. ನನಗ ಮಾತ ಕೊಡು."

ಕೊಟ್ಟೆ. ಎರಡು ಏಟು ಹಾಕಿದ್ದರೆ ಅತ್ತು ಮರೆಯುತ್ತಿದ್ದೆ. ಅಪ್ಪ ಯಾವತ್ತೂ ಹೊಡೆಯುವವನಲ್ಲ. ಕೊಟ್ಟ ಮಾತು ಏಟಿಗಿಂತ ಜಾಸ್ತಿ ಉರಿಯಿತು. ನನ್ನ ಕೈಯಲ್ಲಿ ಏನೋ ಹೊಲಸಿದೆ, ದೇವರಿಗೆ ಆಗಿಬರದ್ದಿದೆ ಎಂದು ಅವತ್ತು ಮೊದಲ ಸಲ ಅನ್ನಿಸಿತು. ಒಂಬತ್ತು ವರ್ಷದ ಹುಡುಗಿಗೆ ಅದು ಸಣ್ಣ ಮಾತಲ್ಲ. ಇನ್ನು ಕೂಸಿನ ಗತಿ? ಒಡೆಯಲು ಅಪ್ಪನಿಗೆ ಕೈ ಬರಲಿಲ್ಲ, ಯಾಕೆಂದರೆ ಅದು ಯೇಸು. ಇಟ್ಟುಕೊಳ್ಳುವ ಹಾಗೂ ಇಲ್ಲ, ಯಾಕೆಂದರೆ ಅದು ಮಣ್ಣು. ತಾಟು ಹಿಡಿದು ಪಡಸಾಲೆಯಿಂದ ನಡುಮನೆಗೆ, ನಡುಮನೆಯಿಂದ ಹಿತ್ತಲಿಗೆ ಓಡಾಡಿದ. ಕಡೆಗೆ ಹೊರಸಿನ ಮೇಲೆ ಕೂತಿದ್ದ ಆಯಿ ಕೈ ಚಾಚಿದಳು.

"ತಾ ಇಲ್ಲಿ. ನಿನಗ ಬುದ್ಧಿ ಹೊಳಿಯೂತನಕ ನನ್ನ ಹಂತ್ಯಾಕ ಇರಲಿ."

ತನ್ನ ತಗಡಿನ ಸಂದೂಕ ತೆರೆದು, ಸೀರೆಗಳ ನಡುವೆ ಕೂಸನ್ನಿಟ್ಟು ಕೀಲಿ ಹಾಕಿದಳು.

ಆಮೇಲಿನ ಐದಾರು ತಿಂಗಳು ನಾನು ಮಣ್ಣು ಮುಟ್ಟಲಿಲ್ಲ. ಶಾಲೆಯ ದಾರಿಯಲ್ಲಿ ಕೈಗಳನ್ನು ಬಗಲಲ್ಲಿ ಸಿಕ್ಕಿಸಿಕೊಂಡು ನಡೆಯುತ್ತಿದ್ದೆ. ಅವ್ವ ಇದನ್ನು ನೋಡಿದಳು. ಬಾಯಿಬಿಟ್ಟು ಏನೂ ಹೇಳಲಿಲ್ಲ. ರೊಟ್ಟಿ ಬಡಿಯುವಾಗ ಒಂದು ಉಂಡೆ ಜೋಳದ ಹಿಟ್ಟನ್ನು ನನ್ನ ಕಡೆ ಸರಿಸಿ, ಒಲೆಯ ಕಡೆ ತಿರುಗಿ ಕೂರುತ್ತಿದ್ದಳು. ಜೋಳದ ಹಿಟ್ಟಿಗೆ ಜಿಗುಟಿಲ್ಲ. ಬಗ್ಗಿಸಿದರೆ ಅಂಚು ಸೀಳುತ್ತದೆ. ಬಿಸಿನೀರು ಎಷ್ಟು ಬೇಕು, ಎಷ್ಟು ನಾದಬೇಕು ಎಂದು ಕಲಿತು ಗಿಳಿ ಮಾಡಿದೆ, ಮೀನು ಮಾಡಿದೆ. ಅವ್ವ ಅವನ್ನು ಹಂಚಿನ ಅಂಚಿನಲ್ಲಿ ಬೇಯಿಸಿ, ಪುಂಡಿಪಲ್ಯೆ ಹಾಕಿ ನನಗೇ ತಿನ್ನಿಸುತ್ತಿದ್ದಳು. ಹೊಟ್ಟೆಗೆ ಹೋದದ್ದು ವಿಗ್ರಹವಲ್ಲ ಎಂಬುದು ಅವಳ ವಾದ. ಒಂದು ದಿನ ತಪ್ಪಿ ಒಂದು ಗಿಳಿ ಅಪ್ಪನ ತಾಟಿಗೆ ಹೋಯಿತು. ಅಪ್ಪ ಅದನ್ನು ಎತ್ತಿ ಹಿಡಿದು ನೋಡಿದ, ಕೊಕ್ಕಿನ ಕಡೆಯಿಂದ ಮುರಿದು, ಚಟ್ನಿಗೆ ಅದ್ದಿ ತಿಂದ, ಇನ್ನೊಂದು ರೊಟ್ಟಿ ಕೇಳಿದ. ಅಷ್ಟೇ.

ಹಿಂಗಾರಿ ಬಿತ್ತನೆ ಮುಗಿದ ಮೇಲೆ ಪಟ್ಟಣದಿಂದ ಹಿರಿಯ ಪಾದ್ರಿ ಅಯ್ಯನವರೊಬ್ಬರು ನಮ್ಮ ಸಭೆ ನೋಡಲು ಬಂದರು. ಅಪ್ಪ ಅವರಿಗಾಗಿ ಹೊಸ ಪದ ಕಟ್ಟಿದ್ದ. ನಮ್ಮ ಊರ ಭಜನಿಯ ಧಾಟಿ, ಅಪ್ಪನ ಕೈಯಲ್ಲಿ ತಾಳ, ಏಳು ಮನೆಯವರ ಎತ್ತರದ ದನಿ. ಹೊರಗೆ ದಾರಿಯಲ್ಲಿ ಹೋಗುವವರು ನಿಂತು ಕೇಳಿದರು. ಅಯ್ಯನವರು ಸಜ್ಜನರು. ಊಟ ಮುಗಿಸಿ, ಬಸ್ಸಿಗೆ ಹೊರಡುವ ಮುಂಚೆ ಅಪ್ಪನ ಭುಜದ ಮೇಲೆ ಕೈಯಿಟ್ಟು ಹೇಳಿದರು.

"ಮಾಸ್ತರ್ರ, ಶಬ್ದ ಬಹಳ ಚಲೋ ಅದಾವ್ರಿ. ಆದ್ರ ಧಾಟಿ ಗುಡಿದಾತು. ತಾಳಾನೂ ಬ್ಯಾಡ. ಪುಸ್ತಕದಾಗಿನ ರಾಗದಾಗ ಹಾಡ್ರಿ, ದೇವರ ಮನಿಗೆ ಅದ ಶೋಭಾ."

ಅಪ್ಪ "ಹೌದ್ರಿ" ಅಂದ. ತಾಳಗಳನ್ನು ಅರಿವೆಯಲ್ಲಿ ಸುತ್ತಿ ಗೋಡೆಯ ಮಾಡದಲ್ಲಿಟ್ಟ. ಮುಂದಿನ ರವಿವಾರ ಪುಸ್ತಕದ ರಾಗದಲ್ಲಿ ಹಾಡಿದೆವು. ಯಾರ ದನಿಯೂ ಏರಲಿಲ್ಲ, ಇಳಿಯಲಿಲ್ಲ, ಅಂತೂ ಮುಗಿಸಿದೆವು. ಅಪ್ಪನ ಪಾಟಿ ಒರೆಸಿದ ಹಾಗೇ ಉಳಿಯಿತು. ಕರೆದ ಕೂಡಲೇ ಊಟಕ್ಕೆ ಬಂದು, ತಲೆ ತಗ್ಗಿಸಿ ಉಂಡು ಏಳುತ್ತಿದ್ದ. ಬಿಸಿ ರೊಟ್ಟಿ ತಿನ್ನುವ ಗಂಡನನ್ನು ನೋಡಿ ಅವ್ವನಿಗೆ ಸಂಕಟವಾಗುತ್ತಿತ್ತು. ಕ್ರಿಸ್ಮಸ್ಸಿಗೆ ಎರಡು ವಾರ ಉಳಿದಿದ್ದರೂ ಮನೆಯಲ್ಲಿ ಗುನುಗು ಇಲ್ಲ. ಒಂದು ಮಧ್ಯಾಹ್ನ ಅಂಗಳದಲ್ಲಿ ಮೆಣಸಿನಕಾಯಿ ತುಂಬು ಬಿಡಿಸುತ್ತ ಕೂತಿದ್ದೆವು. ಅಪ್ಪ ಕಟ್ಟೆಯ ಮೇಲಿದ್ದ. ಆಯಿ ತಲೆಯೆತ್ತದೆ ಮಗನನ್ನು ಕೇಳಿದಳು.

"ದಾನ್ಯಾ, ಗಂಟಲದಾಗೇನು ಮುಳ್ಳ ಸಿಕ್ಕೈತೇನು?"

"ಇಲ್ಲಬೇ ಯವ್ವಾ. ಗುಡಿ ಧಾಟಿ ಬ್ಯಾಡಂತ ಹೇಳ್ಯಾರಲ್ಲ."

"ನಾ ಬೀಸೂ ಮುಂದ ಅದ ಧಾಟಿಲೆ ಹಾಡಿ ನಿನ್ನ ಮಲಗಸ್ತಿದ್ದೆ. ನನ್ನ ಬೀಸೂಕಲ್ಲೇನು ಗುಡಿಯಾಗ ಇತ್ತೇನು?"

"ನಾನೂ ಹಂಗ ಅಂತೀನಿ. ನಮಗ ಬಂದ ಧಾಟಿ ಅದು. ದೇವರಿಗೆ ನಮ್ಮ ಮನ್ಯಾಗ ಇದ್ದದ್ದನ್ನ ಅಲ್ಲೇನು ಕೊಡೂದು?"

"ಹಂಗಾದ್ರ ಈ ಹುಡುಗಿ ಕೈಯಾಗ ಮಣ್ಣ ಐತಿ. ಅದೇನ ಪಾಪ ಮಾಡಿತ್ತು?"

ನಾನು ಮೆಣಸಿನಕಾಯಿಯ ಮೇಲೆ ಕಣ್ಣು ನೆಟ್ಟೆ. ಆಯಿ ನಿಧಾನವಾಗಿ ಸೆರಗಿನಿಂದ ಮೂಗು ಒರೆಸಿಕೊಂಡಳು, ಖಾರಕ್ಕೋ ಯಾತಕ್ಕೋ.

"ನಿಮ್ಮಪ್ಪ ಕುಂಚ ಬಾವಿಗೆ ಹಾಕಿದ್ದನ್ನ ವರ್ಷಾ ಹೇಳ್ತಿ. ಮುಂದಿಂದು ನಿನಗ ಗೊತ್ತಿಲ್ಲ. ಕುಂಚ ಹಾಕಿ ಬಂದು, ಹಿರ್ಯಾರ ಮುಂದ ನಿಂತು, ಹೊಸಾ ದೇವರಿಗೆ ಏನ ಮಾಡಿಕೊಡ್ಲಿ ಅಂತ ಕೇಳಿದ್ರು. ಏನೂ ಬ್ಯಾಡ, ಸುಮ್ಮನ ಕುಂತು ಕೇಳು ಅಂದ್ರು ಹಿರ್ಯಾರು. ನಿಮ್ಮಪ್ಪ ಸಾಯೂತನಕ ಸುಮ್ಮನ ಕುಂತು ಕೇಳಿದ್ರು. ಆ ಬಲಗೈ ಮಾತ್ರ ಸುಮ್ಮನ ಕೂಡಲಿಲ್ಲ. ಪ್ರಸಂಗ ನಡದಾಗ ಮೊಣಕಾಲ ಮ್ಯಾಲೆ ಬೆರಳ ಆಡಸೋರು, ಕಣ್ಣ ತಿದ್ದಿದಂಗ. ದೇವರಿಗೆ ಆ ಕೈ ಬ್ಯಾಡಾಗಿತ್ತಂತ ನನಗೇನು ಅನಿಸೂದಿಲ್ಲ. ಬೇಕಂತ ಕೇಳೋರು ಯಾರೂ ಇರಲಿಲ್ಲ, ಅಷ್ಟ."

ಅಪ್ಪ ಎದ್ದು ಆಕಳ ಹತ್ತಿರ ಹೋಗಿ ನಿಂತ. ಗ್ವಾದಲಿಯ ಮೇವನ್ನು ಕೈಯಿಂದ ಹಿಂದೆ ಮುಂದೆ ಸರಿಸುತ್ತ ಬಹಳ ಹೊತ್ತು ನಿಂತಿದ್ದ. ಆಕಳು ಅವನ ತೋಳು ನೆಕ್ಕುತ್ತಿತ್ತು.

ನಾಲ್ಕು ದಿನದ ಮೇಲೆ ಅಪ್ಪ ಶಾಲೆಯಿಂದ ಬಂದಾಗ ಅವನ ಸೈಕಲ್ಲಿನ ಹಿಂದೆ ಒಂದು ಹಳೆಯ ಬಕೀಟಿತ್ತು. ಇಳಿಸಿ ನನ್ನ ಮುಂದೆ ಇಟ್ಟ. ಒಳಗೆ ಎರಿಮಣ್ಣು, ಕಲ್ಲು ಕಸ ಆರಿಸಿ ತೆಗೆದದ್ದು. ಅಂಗಿಯ ತೋಳಿಗೆಲ್ಲ ಕೆಸರು ಮೆತ್ತಿತ್ತು. ಮನೆಯಲ್ಲಿ ಅಪ್ಪ ಹೇಳುವವನು, ನಾವು ಕೇಳುವವರು. ಅವನು ಯಾರನ್ನಾದರೂ ಏನಾದರೂ ಬೇಡಿದ್ದನ್ನು ನಾನು ಕಂಡಿರಲಿಲ್ಲ.

"ಕರುಣಿ, ಹಬ್ಬಕ್ಕ ನಮ್ಮ ಸಭಾಕ್ಕ ಒಂದ ಗ್ವಾದಲಿ ಬೇಕಾಗಿತ್ತವಾ. ಮಾಡಿಕೊಡತಿಯೇನು?"

ನನಗೆ ಅಳು ಬಂತು. ಅತ್ತರೆ ಎಲ್ಲಿ ಮಣ್ಣು ವಾಪಸು ಹೋಗುತ್ತದೋ ಎಂದು ನುಂಗಿಕೊಂಡೆ.

"ಕೊಟ್ಟ ಮಾತೋ ಅಪ್ಪಾ?"

"ತಗೊಂಡಾಂವ ನಾನ ಅಲ್ಲೇನು? ಹೊಳ್ಳಿ ಕೊಟ್ಟೇನಿ. ಪೂಜಾಕ್ಕ ಅಲ್ಲ ಮತ್ತ, ನೋಡಾಕ."

"ಹಂಗಾದ್ರ ದನಾ ಕುರಿ ಕಣ್ಣಿಗೆ ಗುಲಗಂಜಿ ಬೇಕು. ಎಂಟು."

"ಆತವಾ, ತರ್ತೀನಿ," ಎಂದು ಅಪ್ಪ ಮತ್ತೆ ಸೈಕಲ್ ಹತ್ತಿದ.

ಎತ್ತು, ಆಕಳು, ಕುರಿ, ಯೋಸೇಫ, ಮರಿಯಳು ಎಲ್ಲರೂ ಆದರು. ಮರಿಯಳಿಗೆ ಇಳಕಲ್ ಸೀರೆಯ ಹಾಗೆ ಸೆರಗಿಟ್ಟೆ, ಯೋಸೇಫನಿಗೆ ರುಮಾಲು ಸುತ್ತಿದೆ. ಕುರಿಗಳ ಕಾಲು ಮಾತ್ರ ಸರಿಯಾದ ಉದ್ದಕ್ಕೆ ಇರುವಂತೆ ನೋಡಿಕೊಂಡೆ. ಆದರೆ ಕೂಸು ಬರಲಿಲ್ಲ. ಮೂರು ಸಲ ಮಾಡಿದೆ. ಒಂದು ಮುದುಕನಂತಾಯಿತು, ಇನ್ನೊಂದು ಬೆಲ್ಲದಚ್ಚಿನಂತೆ, ಮೂರನೆಯದರ ಕುತ್ತಿಗೆ ಮುರಿಯಿತು. ಹಬ್ಬದ ಬೆಳಿಗ್ಗೆ ಪೇಟಿಯ ಪಕ್ಕ ಎಲ್ಲವನ್ನೂ ಹೊಂದಿಸಿಟ್ಟಾಗ ಗ್ವಾದಲಿ ಮತ್ತೆ ಖಾಲಿಯೇ. ನೀಲವ್ವ ಕಾಕು ಎಳೆ ಮೇವು ಸಣ್ಣಗೆ ಕತ್ತರಿಸಿ ತಂದು ಅದರಲ್ಲಿ ಹಾಸಿದಳು. ಹಾಸಿ, ಕೂಸೆಲ್ಲಿ ಎಂದು ನನ್ನ ಮುಖ ನೋಡಿದಳು. ಆಗ ನಡುಮನೆಯಲ್ಲಿ ಸಂದೂಕದ ಕೀಲಿ ತೆಗೆದ ಸಪ್ಪಳವಾಯಿತು. ಆಯಿ ಎರಡೂ ಕೈ ಕೂಡಿಸಿ ಹಿಡಿದು ಹೊರಗೆ ಬಂದಳು. ಕೂಸು ಹಾಗೇ ಇತ್ತು. ಒಂದು ಪಾದದ ಹತ್ತಿರ ಸಣ್ಣ ಸೀಳು, ಹಣೆಯ ಮೇಲೆ ಕಾಕು ಹಚ್ಚಿದ ಅರಿಶಿಣ.

ಏಳು ಮನೆಯವರೂ ಅಪ್ಪನನ್ನೇ ನೋಡುತ್ತಿದ್ದರು. ಅಪ್ಪ ಕೂಸನ್ನು ತೆಗೆದುಕೊಂಡು ಅಂಗೈ ಮೇಲೆ ಮಲಗಿಸಿಕೊಂಡ. ಅವನ ಹೆಬ್ಬೆರಳು ಹಣೆಯ ಹತ್ತಿರ ಹೋಗಿ ನಿಂತಿತು. ನಾನು ಲಂಗದ ಅಂಚು ಮುಂದೆ ಹಿಡಿದೆ.

"ಅರಿಶಿಣ ಒರಸಲೇನಪಾ?"

ಅಪ್ಪ ಕಾಕುವಿನ ಕಡೆ ನೋಡಿದ, ಆಯಿಯ ಕಡೆ ನೋಡಿದ.

"ಬ್ಯಾಡ. ಹಡದ ಮನ್ಯಾಗ ಕೂಸಿಗೆ ಅರಿಶಿಣ ಹಚ್ಚೂದು ಇದ್ದದ್ದ ಅಲ್ಲೇನು? ಇರಲಿ."

ಮೇವಿನ ಮೇಲೆ ಕೂಸನ್ನು ಮಲಗಿಸಿ, ಮಾಡದತ್ತ ಕೈ ಚಾಚಿ ತಾಳಗಳನ್ನು ತೆಗೆದುಕೊಂಡು, ಅವಕ್ಕೆ ಸುತ್ತಿದ್ದ ಅರಿವೆ ಬಿಚ್ಚತೊಡಗಿದ.